ಹುಚ್ಚಿಗೆ ಜಾತಿಯಿಲ್ಲವಂತೆ!

ಹುಚ್ಚಿಗೆ ಜಾತಿಯಿಲ್ಲ ಅಂತಾರೆ ದೊಡ್ಡವರು. ಒಪ್ಪಿದೆವು. ಬಂಗಲೆಯ ಮಗನಿಗೂ ಬರುತ್ತೆ, ಹಟ್ಟಿಯ ಮಗನಿಗೂ ಬರುತ್ತೆ. ಆದರೆ ಬಂದ ಮೇಲೆ? ಬಂಗಲೆಯ ಮಗನನ್ನು ಕಾರಿನ ಗಾಜು ಏರಿಸಿಕೊಂಡು ಪಟ್ಟಣದ ಖಾಸಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನೆಂಟರು ಕೇಳಿದರೆ 'ಓದಿ ಓದಿ ಸುಸ್ತಾಗಿದಾನೆ' ಅಂತಾರೆ. ಹಟ್ಟಿಯ ಮಗನಿಗೆ ಅದೇ ಕಾಯಿಲೆ ಬಂದರೆ ಊರಿಗೆ ಊರೇ ಡಾಕ್ಟರು. ಹುಣಸೆ ಬರಲು, ಎಕ್ಕಡದ ಏಟು, ಮೆಣಸಿನಕಾಯಿ ಹೊಗೆ, ಕಡೆಗೆ ದನದ ಕೊಟ್ಟಿಗೆಯ ಗೂಟ, ಕಾಲಿಗೆ ಸರಪಳಿ. ಕಾಯಿಲೆಗೆ ಜಾತಿಯಿಲ್ಲ, ನಿಜ. ಮದ್ದಿಗಿದೆ. ಮದ್ದು ಸಿಕ್ಕ ಮೇಲೆ ಬದುಕಬೇಕಲ್ಲ, ಆ ಬದುಕಿಗಂತೂ ಇದ್ದೇ ಇದೆ.

ಬಂಡಾಯದ ಪತ್ರಿಕೆಗೂ ಹುಚ್ಚಿಗೂ ಏನು ಸಂಬಂಧ ಅಂತ ಕೇಳುವ ಗೆಳೆಯರಿದ್ದಾರೆ. ಭೂಮಿಯ ಪ್ರಶ್ನೆ ಬಾಕಿ ಇದೆ, ಕೂಲಿಯ ಪ್ರಶ್ನೆ ಬಾಕಿ ಇದೆ, ಇದು ಆಸ್ಪತ್ರೆಯ ವಿಷಯ, ಡಾಕ್ಟರು ನೋಡಿಕೊಳ್ಳಲಿ ಅಂತ. ನಾವು ತಿರುಗಿ ಕೇಳುತ್ತೇವೆ: ಕಾಲಿಗೆ ಸರಪಳಿ ಬಿದ್ದ ಮನುಷ್ಯ ಯಾರ ವಿಷಯ? 1976ರಲ್ಲಿ ಈ ದೇಶ ಜೀತವನ್ನು ಕಾನೂನಿನಿಂದ ರದ್ದು ಮಾಡಿತು. ಇವತ್ತಿಗೂ ಬಸ್‌ಸ್ಟ್ಯಾಂಡಿನ ಹೋಟೆಲಿನ ಹಿಂದೆ ಒಬ್ಬ ತನ್ನಷ್ಟಕ್ಕೆ ತಾನು ಮಾತಾಡಿಕೊಂಡು ಪಾತ್ರೆ ತಿಕ್ಕುತ್ತಿರುತ್ತಾನೆ. ಸೌದೆ ಹೊರುತ್ತಾನೆ, ನೀರು ಸೇದುತ್ತಾನೆ, ಚರಂಡಿ ಬಳಿಯುತ್ತಾನೆ. ಕೂಲಿ ಎಷ್ಟು ಕೊಡ್ತೀರಿ ಅಂತ ಕೇಳಿ ನೋಡಿ. 'ಹುಚ್ಚನಿಗೆ ಯಾತರ ಕೂಲಿ? ಅನ್ನ ಹಾಕ್ತಿಲ್ವಾ?' ಅಂತಾರೆ. ಇದು ಜೀತವಲ್ಲದೆ ಇನ್ನೇನು? ಅವನ ಹೆಸರು ಯಾವ ಕೂಲಿ ಸಂಘದ ಪುಸ್ತಕದಲ್ಲೂ ಇಲ್ಲ. ಹಾಗಾದರೆ ಇದು ನಮ್ಮ ವಿಷಯವೇ.

ಮೊದಲು ಕಾಯಿಲೆಯ ಮಾತು. ಡಾಕ್ಟರು ಇದನ್ನು ಸ್ಕಿಜೋಫ್ರೀನಿಯಾ ಅಂತಾರೆ. ಪುಸ್ತಕದ ಕನ್ನಡದಲ್ಲಿ ಚಿತ್ತವಿಕಲತೆ. ನಮ್ಮ ಕೇರಿಗಳಲ್ಲಿ ಗಾಳಿ ಸೋಕಿದೆ, ಮಾಟ ಮಾಡಿಸಿದಾರೆ, ತಲೆ ಕೆಟ್ಟಿದೆ. ಹೆಚ್ಚಾಗಿ ಹದಿನೆಂಟು ಇಪ್ಪತ್ತರ ಆಚೀಚೆ, ಅಂದರೆ ಮನೆ ಮಗನ ದುಡಿಮೆಗೆ, ಮಗಳ ಮದುವೆಗೆ ಕಾದು ಕೂತ ವಯಸ್ಸಿನಲ್ಲೇ ಶುರುವಾಗುತ್ತೆ. ಯಾರೂ ಇಲ್ಲದ ಕಡೆ ದನಿಗಳು ಕೇಳುತ್ತವೆ. ಎಲ್ಲರೂ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಅನ್ನಿಸುತ್ತೆ. ಮಾತು ಒಂದಕ್ಕೊಂದು ಕೂಡುವುದಿಲ್ಲ. ಇವು ಕಣ್ಣಿಗೆ ಕಾಣುವ ಲಕ್ಷಣಗಳು. ಕಾಣದವು ಇನ್ನೂ ಕೆಟ್ಟವು: ಏಳಲು ಮನಸ್ಸಿಲ್ಲ, ಮೀಯಲು ಮನಸ್ಸಿಲ್ಲ, ನಗುವಿಲ್ಲ, ಅಳುವಿಲ್ಲ. ಅದನ್ನು ಊರು 'ಸೋಮಾರಿತನ' ಅಂತ ಕರೆಯುತ್ತೆ. ಶತಮಾನಗಳಿಂದ ನಮ್ಮ ಜನಕ್ಕೆ ಸೋಮಾರಿಗಳು ಅಂತ ಬಿರುದು ಕೊಟ್ಟವರಿಗೆ ಇನ್ನೊಂದು ಸಾಕ್ಷಿ ಸಿಕ್ಕಿದ ಹಾಗೆ!

ಇದು ಕರ್ಮದ ಫಲವಲ್ಲ. ತಾಯಿ ಸಾಕಿದ ರೀತಿಯ ತಪ್ಪೂ ಅಲ್ಲ. ವಂಶದಲ್ಲಿ ಬಂದ ಒಲವು, ಮೆದುಳಿನ ಕೆಲಸದಲ್ಲಿನ ಏರುಪೇರು, ಬದುಕಿನ ಹೊಡೆತ, ಈ ಮೂರೂ ಸೇರಿ ಆಗುವ ಕಾಯಿಲೆ. ಬದುಕಿನ ಹೊಡೆತ ಅಂದೆವಲ್ಲ, ಅದು ಬರೀ ಮಾತಲ್ಲ. ಇಂಗ್ಲೆಂಡಿಗೆ ವಲಸೆ ಹೋದ ಕೆರಿಬಿಯನ್ ಮೂಲದ ಕರಿಯ ಜನರಲ್ಲಿ ಈ ಕಾಯಿಲೆ ಅಲ್ಲಿನ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು ಕಂಡಿದೆ. ಅವರು ಬಿಟ್ಟು ಬಂದ ದ್ವೀಪಗಳಲ್ಲಿ ಅಷ್ಟಿಲ್ಲ. ರಕ್ತ ಅದೇ, ಸಮುದ್ರ ದಾಟಿದ ಮೇಲೆ ಸಿಕ್ಕ ಅವಮಾನ ಬೇರೆ. ಊರ ಹೊರಗೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೇ ನಮ್ಮಲ್ಲಿ ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. 'ಹುಚ್ಚು ಅನ್ನೋದೇ ಇಲ್ಲ, ಹುಚ್ಚು ಹಿಡಿದಿರೋದು ಸಮಾಜಕ್ಕೆ, ಹುಚ್ಚನೇ ನಿಜವಾದ ಬಂಡಾಯಗಾರ' ಅಂತಾರೆ. ಕಾಫಿ ಕುಡಿಯುತ್ತ ಆಡಲು ಚೆಂದದ ಮಾತು. ಇದರಲ್ಲಿ ಅರ್ಧ ಸತ್ಯವೂ ಇದೆ. ಒಡೆಯರು ಹುಚ್ಚು ಅನ್ನುವ ಹೆಸರನ್ನು ಚಾವಟಿಯ ಹಾಗೆ ಬಳಸಿದ್ದಾರೆ. 1851ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ಡಾಕ್ಟರು, ಯಜಮಾನನಿಂದ ಓಡಿಹೋಗುವ ಕರಿಯ ಗುಲಾಮನಿಗೆ ಡ್ರಾಪಿಟೋಮೇನಿಯಾ ಅನ್ನುವ ಮನೋರೋಗ ಇದೆ ಅಂತ ಬರೆದ. ಬಿಡುಗಡೆ ಬಯಸಿದರೆ ರೋಗ! ಮದ್ದೇನು ಗೊತ್ತೆ? ಚಾವಟಿ. 1968ರಲ್ಲಿ, ಕರಿಯರ ನಾಗರಿಕ ಹಕ್ಕಿನ ಚಳವಳಿ ಉರಿಯುತ್ತಿದ್ದಾಗ, ಅದೇ ದೇಶದ ಇಬ್ಬರು ಮನೋವೈದ್ಯರು 'ಪ್ರತಿಭಟನೆಯ ಚಿತ್ತಭ್ರಮೆ' ಅಂತ ಹೊಸ ಹೆಸರು ಹುಟ್ಟಿಸಿದರು. ಸೋವಿಯತ್ ರಷ್ಯಾ ತನ್ನ ಭಿನ್ನಮತೀಯರಿಗೆ 'ನಿಧಾನಗತಿಯ ಸ್ಕಿಜೋಫ್ರೀನಿಯಾ' ಅಂತ ಚೀಟಿ ಅಂಟಿಸಿ ಆಸ್ಪತ್ರೆಗೆ ತಳ್ಳಿತು. ಬಲದವರು ಎಡದವರು ಇಬ್ಬರೂ ಈ ಆಟ ಆಡಿದ್ದಾರೆ. ನಮ್ಮೂರುಗಳಲ್ಲೂ ಗೌಡನ ಎದುರು ತಲೆ ಎತ್ತಿ ಮಾತಾಡಿದವನಿಗೆ 'ಅವನಿಗೆ ತಲೆ ಕೆಟ್ಟಿದೆ ಬಿಡಿ' ಅನ್ನುವುದು ವಾಡಿಕೆ. ಅದಕ್ಕೇ ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ಹೇಳಿದೆ: ಒಬ್ಬನ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನಮಾನ ನೋಡಿ, ಅಥವಾ ಅವನು ಸಮುದಾಯದ ನೀತಿ ನಂಬಿಕೆಗಳಿಗೆ ಹೊಂದುತ್ತಿಲ್ಲ ಅಂತ ನೋಡಿ, ಅವನಿಗೆ ಮನೋರೋಗ ಇದೆ ಅಂತ ತೀರ್ಮಾನಿಸುವಂತಿಲ್ಲ. ಈ ಸಾಲನ್ನು ನಮ್ಮ ಪ್ರತಿಯೊಬ್ಬ ಕಾರ್ಯಕರ್ತನೂ ಬಾಯಿಪಾಠ ಮಾಡಿಕೊಳ್ಳಬೇಕು.

ಆದರೆ ಉಳಿದರ್ಧ? ರಾತ್ರಿಯಿಡೀ 'ಬಾವಿಗೆ ಬೀಳು, ಬಾವಿಗೆ ಬೀಳು' ಅಂತ ಕಿವಿಯಲ್ಲಿ ದನಿ ಕೇಳಿ ನಡುಗುವ ಹುಡುಗನಿಗೆ 'ನೀನೇ ನಿಜವಾದ ಬಂಡಾಯಗಾರ' ಅಂತ ಹೇಳಿ ನೋಡಿ. ಅವನು ಬಂಡೆದ್ದಿಲ್ಲ, ನರಳುತ್ತಿದ್ದಾನೆ. ಕ್ಷಯ ಬಂದವನಿಗೆ ಔಷಧಿ ಬೇಡ, ಕ್ರಾಂತಿ ಆಗಲಿ ಅಂತ ಯಾರಾದರೂ ಹೇಳುತ್ತಾರೆಯೆ? ಬಡತನ ಹೋಗಬೇಕು, ಔಷಧಿಯೂ ಸಿಗಬೇಕು. ಎರಡೂ ಬೇಕು. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಕ್ಲೋರ್‌ಪ್ರೊಮಜೀನ್ ಅನ್ನುವ ಔಷಧಿ ಈ ಕಾಯಿಲೆಗೆ ಕೆಲಸ ಮಾಡುತ್ತೆ ಅಂತ ಗೊತ್ತಾಯಿತು. ಆಮೇಲೆ ಬಗೆಬಗೆಯ ಔಷಧಿ ಬಂದಿವೆ. ಎಲ್ಲರಿಗೂ ಪೂರ್ತಿ ವಾಸಿ ಆಗುವುದಿಲ್ಲ, ಸುಳ್ಳು ಹೇಳಬಾರದು. ಆದರೆ ಬಹಳ ಜನಕ್ಕೆ ದನಿಗಳು ತಗ್ಗುತ್ತವೆ, ನಿದ್ದೆ ಬರುತ್ತೆ, ಮನುಷ್ಯ ಮನುಷ್ಯರ ನಡುವೆ ಬಂದು ಕೂರುತ್ತಾನೆ. ಇದು ವಿಜ್ಞಾನ ಕೊಟ್ಟಿದ್ದು. ಯಾರಪ್ಪನ ಆಸ್ತಿಯೂ ಅಲ್ಲ. ನಮ್ಮ ಪಾಲು ನಮಗೆ ಬೇಕು.

ಪಾಲು ಎಲ್ಲಿ ತಪ್ಪಿತು? ನೋಡೋಣ.

2001ರ ಆಗಸ್ಟ್ 6. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರವಾಡಿ. ದರ್ಗಾದ ಸುತ್ತ ದುಡ್ಡಿಗಾಗಿ ನಡೆಯುತ್ತಿದ್ದ ಖಾಸಗಿ 'ಮನೆ'ಗಳಲ್ಲಿ ಒಂದಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. ಓಡಲಾಗಲಿಲ್ಲ. 28 ಜನ ಸುಟ್ಟು ಸತ್ತರು. ದೇಶ ಒಂದು ವಾರ ಮರುಗಿತು. ಆಮೇಲೆ? 2019ರಲ್ಲೂ ಉತ್ತರ ಪ್ರದೇಶದ ಬದಾಯೂಂನಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದಾರೆ ಅನ್ನುವ ದೂರು ಸುಪ್ರೀಂ ಕೋರ್ಟಿನ ಮುಂದೆ ಬಂತು. ಇದು ಒಂದು ಧರ್ಮದ ಮಾತಲ್ಲ. ಗುಡಿಯ ಕಂಬವೂ ಗೊತ್ತು, ದರ್ಗಾದ ಕಂಬವೂ ಗೊತ್ತು, ಪ್ರಾರ್ಥನೆಯ ಹೆಸರಲ್ಲಿ ಉಪವಾಸ ಕೆಡವಿದ ಕೋಣೆಯೂ ಗೊತ್ತು. ಎಲ್ಲ ದೇವರ ದಲ್ಲಾಳಿಗಳಿಗೂ ಹುಚ್ಚು ಲಾಭದ ವ್ಯಾಪಾರ.

ಆದರೆ ಗೆಳೆಯರೇ, ಅಲ್ಲಿಗೆ ಮಗನನ್ನು ಕರೆದುಕೊಂಡು ಹೋದ ತಾಯಿಯನ್ನು ಮೂಢಳು ಅಂತ ಬಯ್ಯಬೇಡಿ. ಆ ಬೈಗುಳ ಓದಿದವರ ಸೊಕ್ಕು. ಅವಳಿಗೆ ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆದಿದ್ದದ್ದು ಆ ಗುಡಿ ಒಂದೇ. ಅಲ್ಲಿ ಚೀಟಿ ಬರೆಸಬೇಕಾಗಿಲ್ಲ, ಆಧಾರ್ ಕೇಳುವುದಿಲ್ಲ, 'ಸಾಹೇಬ್ರು ರಜ' ಅನ್ನುವುದಿಲ್ಲ. ಅಲ್ಲಿ ಅವಳ ಹಾಗೇ ಮಗನನ್ನು ಕಟ್ಟಿಕೊಂಡು ಕೂತ ನೂರು ತಾಯಂದಿರು ಸಿಗುತ್ತಾರೆ. ಪೂಜಾರಿ ಕೋಳಿ ಕೇಳುತ್ತಾನೆ, ಸಾಲ ಮಾಡಿ ಕೊಡುತ್ತಾಳೆ. ಗುಡಿಯ ಬಾಗಿಲಷ್ಟು ಹತ್ತಿರ, ಅಷ್ಟೇ ತೆರೆದ ಆಸ್ಪತ್ರೆ ಬಾಗಿಲನ್ನು ತೋರಿಸಿ, ಆಮೇಲೆ ಮೂಢನಂಬಿಕೆಯ ಭಾಷಣ ಮಾಡಿ. ಹೊಡೆಯುವವನನ್ನು ಹಿಡಿಯಲು ಕಾನೂನಿದೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಬಡಿಯುವುದು ಅದರ ಪ್ರಕಾರ ಅಪರಾಧ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಅನ್ನುತ್ತೆ. ಕಾನೂನಿಗೆ ಬರವಿಲ್ಲ ಈ ದೇಶದಲ್ಲಿ.

ಇನ್ನು ಆಸ್ಪತ್ರೆ. ನಾವು ಕನ್ನಡದ ಜನ ಈ ವಿಷಯದಲ್ಲಿ ಹೆಮ್ಮೆಪಡುವಂಥದ್ದು ನಡೆದಿದೆ, ಮರೆತಿದ್ದೇವೆ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಕೆಲವು ಡಾಕ್ಟರು ಗೋಡೆಯೊಳಗೆ ಕೂತರೆ ಸಾಲದು ಅಂತ ಸಕಲವಾರದ ಹಳ್ಳಿಗಳಿಗೆ ಹೋದರು. ಆಮೇಲೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ. ಬೇಕಾದ ಕೆಲವೇ ಔಷಧಿ ಅಲ್ಲೇ ಸರಬರಾಜು. ದೊಡ್ಡ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ. ಬರಗಾಲದ ಜಿಲ್ಲೆ, ಗಣಿ ಧೂಳಿನ ಜಿಲ್ಲೆ ಇಡೀ ದೇಶಕ್ಕೆ ಪಾಠ ಹೇಳಿತು. 'ಬಳ್ಳಾರಿ ಮಾದರಿ' ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿದ್ದು ಇದೇ ಅಡಿಪಾಯದ ಮೇಲೆ. 2005ರಿಂದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸಿನವರು ಮನೆಮನೆಯ ರೋಗಿಗಳನ್ನು ಹುಡುಕಿ, ತಾಲೂಕಿನಲ್ಲೇ ಚಿಕಿತ್ಸೆ ಕೊಟ್ಟು ತೋರಿಸಿದ್ದಾರೆ. ಚಿಕಿತ್ಸೆ ಸಿಕ್ಕವರ ಅಶಕ್ತತೆ ಇಳಿಯಿತು, ಸಿಗದವರದ್ದು ಹಾಗೇ ಉಳಿಯಿತು. ಅಂದರೆ ದಾರಿ ಗೊತ್ತಿಲ್ಲ ಅನ್ನುವ ನೆಪ ಸರ್ಕಾರಕ್ಕಿಲ್ಲ. ದಾರಿ ಇದೇ ಮಣ್ಣಿನಲ್ಲಿ ಬಿದ್ದಿದೆ.

ಆದರೂ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿ 2016ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆ ಏನು ಹೇಳಿತು? ತೀವ್ರ ಮನೋರೋಗ ಇರುವ ನೂರು ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಇಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಲೆಕ್ಕಕ್ಕೆ ಬೀಳುವುದಿಲ್ಲ. ಇರುವವರೂ ಪಟ್ಟಣದಲ್ಲಿ.

ಒಬ್ಬ ಕೂಲಿಯವಳ ಲೆಕ್ಕ ಹಾಕೋಣ. ಮಗನಿಗೆ ಮಾತ್ರೆ ತರಬೇಕು. ಅವಳ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬರುವ ಗಂಡನ ಕೂಲಿಯೂ ಹೋಯಿತು, ಯಾಕೆಂದರೆ ಮಗ ಬಸ್ಸಿನಲ್ಲಿ ಎದ್ದು ಓಡಿದರೆ ಒಬ್ಬಳೇ ಹಿಡಿಯಲಾರಳು. ಹಳ್ಳಿಯಿಂದ ತಾಲೂಕು, ತಾಲೂಕಿನಿಂದ ಜಿಲ್ಲೆ, ಎರಡು ಬಸ್ಸು. ಸಾಲಿನಲ್ಲಿ ನಿಂತು ಬಾಗಿಲು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಒಳಗೆ ಎರಡು ನಿಮಿಷ. 'ಏನಮ್ಮ, ಮಾತ್ರೆ ಯಾಕೆ ಬಿಟ್ಟೆ?' ಅಂತ ಗದರಿಕೆ. 'ಅದ ನುಂಗುದ್ರೆ ಕೈ ನಡುಗ್ತದೆ ಸ್ವಾಮಿ, ಮೈ ಮರಗಟ್ತದೆ, ಕುಡ್ಲು ಹಿಡಿಯಕ್ಕಾಗಲ್ಲ' ಅಂತ ಹೇಳುವಷ್ಟರಲ್ಲಿ ಮುಂದಿನವರನ್ನು ಕೂಗುತ್ತಾರೆ. ಆಮೇಲೆ ಔಷಧಿ ಕಿಟಕಿ: 'ಇದು ಸ್ಟಾಕಿಲ್ಲ, ಹೊರಗಡೆ ತಗೊಳ್ಳಿ.' ಮುಂದಿನ ತಿಂಗಳು ಅವಳು ಬರುವುದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಬರೆಯುತ್ತಾರೆ: ರೋಗಿ ಚಿಕಿತ್ಸೆಗೆ ಸಹಕರಿಸಲಿಲ್ಲ.

ಯಾರು ಯಾರಿಗೆ ಸಹಕರಿಸಲಿಲ್ಲ?

ಕೈ ನಡುಕ, ಮೈ ಬಿಗಿತ, ಮಂಪರು, ಇವು ಈ ಔಷಧಿಗಳ ಗೊತ್ತಿರುವ ಅಡ್ಡಪರಿಣಾಮಗಳು. ಪ್ರಮಾಣ ತಗ್ಗಿಸಬಹುದು, ಬೇರೆ ಔಷಧಿಗೆ ಬದಲಿಸಬಹುದು. ದಿನಾ ನುಂಗುವುದು ಕಷ್ಟವಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದು ದಶಕಗಳಿಂದ ಇದೆ. ಡಾಕ್ಟರು ಬರೆದುಕೊಟ್ಟರೆ ಹತ್ತಿರದ ಆರೋಗ್ಯ ಕೇಂದ್ರದ ನರ್ಸಮ್ಮನೇ ಹಾಕಬಹುದು. ಮೇಜಿನ ಮುಂದೆ ಕೂತು ಕೆಲಸ ಮಾಡುವವನಿಗೆ ಮಂಪರು ಬಂದರೆ ತೂಕಡಿಸುತ್ತಾನೆ. ಗಾರೆ ಕೆಲಸದ ಅಟ್ಟಣೆ ಮೇಲೆ ನಿಂತವನಿಗೆ ಮಂಪರು ಬಂದರೆ ಸಾಯುತ್ತಾನೆ. ನೀನು ಏನು ಕೆಲಸ ಮಾಡ್ತೀಯಪ್ಪ ಅಂತ ಕೇಳದೆ ಬರೆದ ಚೀಟಿ ಅರ್ಧ ಚೀಟಿ.

ಕಾಯ್ದೆಯ ಒಂದು ಸಾಲು ಓದಿ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಎಲ್ಲರಿಗೂ ಪುಕ್ಕಟೆ ಸಿಗಬೇಕು. ಎಲ್ಲಿಂದ ಶುರು? ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ನಮ್ಮ ಹಳ್ಳಿಗೆ ಹತ್ತಿರವಿರೋದು ಅದಕ್ಕಿಂತ ಕೆಳಗಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಬಳ್ಳಾರಿ 1985ರಲ್ಲೇ ಪ್ರಾಥಮಿಕ ಕೇಂದ್ರಕ್ಕೆ ಔಷಧಿ ಮುಟ್ಟಿಸಿತ್ತು. 2017ರ ಕಾನೂನು ಒಂದು ಮೆಟ್ಟಿಲು ಮೇಲೆಯೇ ನಿಂತುಬಿಟ್ಟಿತು!

ಇನ್ನು ಪುನರ್ವಸತಿ. ಈ ಮಾತು ನಮಗೆ ಹೊಸದಲ್ಲ. ಅಣೆಕಟ್ಟು ಕಟ್ಟಿದಾಗ ಕೇಳಿದ್ದೇವೆ. ನೀರಲ್ಲಿ ಮುಳುಗಿದ ಹೊಲಕ್ಕೆ ಪಹಣಿ ಇದ್ದವನಿಗೆ ಪರಿಹಾರ, ಅದೇ ಹೊಲದಲ್ಲಿ ತಲೆತಲಾಂತರದಿಂದ ದುಡಿದವನ ಕೈಗೆ ಏನೂ ಇಲ್ಲ. ಮನೋರೋಗಿಗಳ ಪುನರ್ವಸತಿಯೂ ಹಾಗೇ ನಡೆಯುತ್ತಿದೆ. ದುಡ್ಡಿದ್ದವರಿಗೆ ಪಟ್ಟಣದಲ್ಲಿ ತಿಂಗಳಿಗಿಷ್ಟು ಅಂತ ಕಟ್ಟಿದರೆ ತೋಟ, ಸಂಗೀತ, ಆಪ್ತಸಲಹೆ ಎಲ್ಲ ಇರುವ ಮನೆಗಳಿವೆ. ಇಲ್ಲದವರಿಗೆ ಮೋಂಬತ್ತಿ, ಕಾಗದದ ಚೀಲ ಮಾಡುವ ತರಬೇತಿ. ಆ ಮೋಂಬತ್ತಿಯನ್ನು ನಮ್ಮ ಹಟ್ಟಿಯಲ್ಲಿ ಯಾರಿಗೆ ಮಾರಬೇಕು? ಕುರಿ ಮೇಯಿಸಿ ಗೊತ್ತಿದ್ದವನಿಗೆ ಕುರಿ ಕೊಡಿ. ಚರ್ಮದ ಕೆಲಸ, ಗಾರೆ ಕೆಲಸ, ನೇಯ್ಗೆ ಗೊತ್ತಿದ್ದವನಿಗೆ ಆ ಕೆಲಸ ಕೊಡಿ, ನಿಧಾನವಾಗಿ ಮಾಡಲು ಬಿಡಿ, ಮಾಡಿದ್ದಕ್ಕೆ ಪೂರಾ ಕೂಲಿ ಕೊಡಿ. ಓದಿದ್ದವನಿಗೆ ಓದು ಮುಂದುವರಿಸಲು ಕಾಲೇಜಿನ ಬಾಗಿಲು ತೆಗೆಯಿರಿ. ಪುನರ್ವಸತಿ ಅಂದರೆ ಕೂಲಿ, ಸೂರು, ಜೊತೆಗೆ ಕೂತು ಉಣ್ಣುವ ನಾಲ್ಕು ಜನ. ಅಷ್ಟೇ.

ಇದೂ ಕನಸಲ್ಲ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ರೋಗಿಗಳ ಮನೆಗೆ ಹೋಗಿ ಬಂದರು. ಔಷಧಿ ನೋಡಿಕೊಂಡರು, ಮನೆಯವರಿಗೆ ತಿಳಿಸಿ ಹೇಳಿದರು, ಕೆಲಸಕ್ಕೆ ಜೊತೆ ನಿಂತರು. ಬರೀ ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಇವರ ಸ್ಥಿತಿ ಹೆಚ್ಚು ಸುಧಾರಿಸಿತು. ಪವಾಡವಲ್ಲ, ಆದರೆ ಖಂಡಿತ ಸುಧಾರಣೆ. ನಮ್ಮ ಆಶಾ ಕಾರ್ಯಕರ್ತೆಯರು ಇದನ್ನು ಮಾಡಲಾರರೆ? ಮಾಡಬಲ್ಲರು. ಆದರೆ ಎಲ್ಲ ಹೊರೆಯನ್ನೂ ಆ ಹೆಣ್ಣುಮಕ್ಕಳ ತಲೆ ಮೇಲೆ ಹಾಕಿ ಗೌರವಧನ ಅಂತ ಚಿಲ್ಲರೆ ಎಸೆಯಬೇಡಿ. ಕೆಲಸಕ್ಕೆ ಸಂಬಳ ಕೊಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಅಂಗವೈಕಲ್ಯ ಅಂತ ಒಪ್ಪಿದೆ. ಸರ್ಕಾರಿ ನೌಕರಿಯ ನೂರಕ್ಕೆ 4 ಮೀಸಲಿನಲ್ಲಿ 1 ಪಾಲನ್ನು ಮನೋರೋಗಿಗಳೂ ಬೇರೆ ಕೆಲವರೂ ಹಂಚಿಕೊಳ್ಳಬೇಕು. ಸರ್ಟಿಫಿಕೇಟಿಗೆ ನಾಲ್ಕು ವಿಷಯ ಅಳೆಯುತ್ತಾರೆ: ತನ್ನ ಮೈ ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ದುಡಿಮೆ. ಕೇಂದ್ರ ಸರ್ಕಾರದ ಅಂಗವಿಕಲರ ಪಿಂಚಣಿಯಲ್ಲಿ ಅದರ ಪಾಲು ತಿಂಗಳಿಗೆ 300 ರೂಪಾಯಿ, ಅದೂ ನೂರಕ್ಕೆ 80 ವೈಕಲ್ಯ ಇದ್ದರೆ, ಬಡತನದ ರೇಖೆಯ ಕೆಳಗಿದ್ದರೆ. ರಾಜ್ಯ ತನ್ನ ಪಾಲು ಸೇರಿಸುತ್ತೆ. ಇನ್ನೂ ಒಂದು ತಮಾಷೆ ನೋಡಿ: ಔಷಧಿ ತಗೊಂಡು ಸ್ವಲ್ಪ ಸುಧಾರಿಸಿದರೆ ಅಳತೆ ಇಳಿಯುತ್ತೆ, ಪಿಂಚಣಿ ಹೋಗುವ ಭಯ. ವಾಸಿಯಾದರೆ ಉಪವಾಸ, ಉಲ್ಬಣವಾದರೆ 300 ರೂಪಾಯಿ!

ಹೆಣ್ಣಿನ ಮಾತು ಬೇರೆಯೇ ಹೇಳಬೇಕು. ಗಂಡನಿಗೆ ಕಾಯಿಲೆ ಬಂದರೆ ಹೆಂಡತಿ ಅವನನ್ನು ತೊಳೆದು, ಉಣಿಸಿ, ಹೊಡೆತ ತಿಂದು ಇಟ್ಟುಕೊಳ್ಳಬೇಕು. ಅದು ಧರ್ಮವಂತೆ. ಹೆಂಡತಿಗೆ ಬಂದರೆ ತವರಿಗೆ ಬಿಟ್ಟು ಬರುತ್ತಾರೆ, ಇನ್ನೊಂದು ಮದುವೆ ಆಗುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ 1976ರ ತಿದ್ದುಪಡಿಯಿಂದ ವಿಚ್ಛೇದನಕ್ಕೆ ಕಾರಣವಾಗುವ ಮನೋರೋಗದ ವಿವರಣೆಯಲ್ಲಿ ಸ್ಕಿಜೋಫ್ರೀನಿಯಾದ ಹೆಸರನ್ನೇ ಬರೆದಿಟ್ಟಿದ್ದಾರೆ. ಬರೀ ಕಾಯಿಲೆಯ ಹೆಸರು ಸಾಲದು, ಜೊತೆಗೆ ಬಾಳುವುದು ಅಸಾಧ್ಯ ಅನ್ನುವಷ್ಟು ತೀವ್ರವಾಗಿರಬೇಕು ಅಂತ ಸುಪ್ರೀಂ ಕೋರ್ಟು 1988ರಲ್ಲಿ ಹೇಳಬೇಕಾಯಿತು. ಕೋರ್ಟಿಗೆ ಹೋಗುವಷ್ಟು ತಾಳ್ಮೆ ನಮ್ಮ ಹಳ್ಳಿಯ ಗಂಡಂದಿರಿಗೆಲ್ಲಿ? ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ ಹುಚ್ಚಿಯ ಹೊಟ್ಟೆ ಮುಂದೆ ಬಂದಾಗ ಊರು ಮುಸಿಮುಸಿ ನಗುತ್ತೆ. ಯಾರು ಮಾಡಿದ್ದು ಅಂತ ಕೇಳುವುದಿಲ್ಲ.

ಗೋಡೆಯೊಳಗೆ ಹೋದವರ ಗತಿಯೇನು? ಅಸ್ಸಾಮಿನ ಮಚಲ್ ಲಾಲುಂಗ್ ಎಂಬ ಆದಿವಾಸಿಯನ್ನು 1951ರಲ್ಲಿ ಹಿಡಿದರು. ವಿಚಾರಣೆ ನಡೆಯಲಿಲ್ಲ, ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಗುಣವಾಗಿದ್ದಾನೆ ಅಂತ ಡಾಕ್ಟರು ಬರೆದುಕೊಟ್ಟರು. ಆಗ ಮನೆಗೆ ಕಳಿಸಬೇಕಿತ್ತಲ್ಲ? ಜೈಲಿಗೆ ಕಳಿಸಿದರು. ಬಿಡುಗಡೆ ಆದದ್ದು 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ. 54 ವರ್ಷ! ನಡುವೆ 1993ರಲ್ಲಿ, ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಕ್ಕೆ ವಿರೋಧ ಅಂತ ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆ ತೀರ್ಪಿನ ಸುದ್ದಿ ಅವನ ಕೋಣೆಯತನಕ ಹೋಗಲಿಲ್ಲ. ವಾಸಿಯಾದರೂ ಮನೆಗೆ ಹೋಗಲಾಗದೆ ಆಸ್ಪತ್ರೆಯಲ್ಲೇ ಮುದಿಯಾಗುವವರು ಇವತ್ತಿಗೂ ಇದ್ದಾರೆ. ಅವರಿಗೆ ಸಮುದಾಯದ ನಡುವೆ ಬದುಕುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ. ಹಕ್ಕು ಇದೆ, ಮನೆ ಇಲ್ಲ.

ಹಾಗಾಗಿ ನಮ್ಮ ಹಕ್ಕೊತ್ತಾಯ ಇಷ್ಟು.

ಒಂದು: ಸ್ಕಿಜೋಫ್ರೀನಿಯಾದ ಔಷಧಿ, ಚುಚ್ಚುಮದ್ದು ಸೇರಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳೂ ತಪ್ಪದೆ ಪುಕ್ಕಟೆ ಸಿಗಬೇಕು. 'ಸ್ಟಾಕಿಲ್ಲ' ಅಂದರೆ ಬರೆದುಕೊಡಬೇಕು, ಸಹಿ ಹಾಕಿ.

ಎರಡು: ರೋಗಿಗೂ ಜೊತೆಗೆ ಬರುವವರಿಗೂ ಬಸ್ ಪಾಸು, ಆ ದಿನದ ಕೂಲಿ.

ಮೂರು: ಸರ್ಕಾರದ ಖಾತ್ರಿ ಕೂಲಿ ಕೆಲಸ ಯಾವ ಹೆಸರಿನಲ್ಲಿ ಬಂದರೂ ಅದರಲ್ಲಿ ಇವರಿಗೆ ಹಗುರ ಕೆಲಸ, ಪೂರಾ ಕೂಲಿ. ಅನ್ನ ಹಾಕಿ ದುಡಿಸಿಕೊಳ್ಳುವವರ ಮೇಲೆ ಜೀತ ರದ್ದತಿ ಕಾಯ್ದೆಯಲ್ಲಿ ಕೇಸು.

ನಾಲ್ಕು: ಪ್ರತಿ ತಾಲೂಕಿನಲ್ಲಿ ಹಗಲು ಆರೈಕೆಯ ಕೇಂದ್ರ, ಮನೆಯಿಲ್ಲದವರಿಗೆ ಸೂರು. ಅದರ ಆಡಳಿತದಲ್ಲಿ ರೋಗಿಗಳೂ ಅವರ ಮನೆಯವರೂ ಇರಬೇಕು. ಅಲ್ಲಿ ಅಡಿಗೆ ಯಾರು ಮಾಡುತ್ತಾರೆ, ಯಾರ ಪಕ್ಕ ಯಾರು ಉಣ್ಣುತ್ತಾರೆ ಅನ್ನುವುದನ್ನೂ ನಾವು ನೋಡುತ್ತೇವೆ.

ಐದು: ಪಿಂಚಣಿ ಬದುಕುವಷ್ಟು ಇರಬೇಕು, ಸ್ವಲ್ಪ ಸುಧಾರಿಸಿದ ಕೂಡಲೇ ಕಿತ್ತುಕೊಳ್ಳಬಾರದು.

ಇವೆಲ್ಲ ಬರುವತನಕ ಕೈಕಟ್ಟಿ ಕೂರುವುದು ಬೇಡ. ಹಳ್ಳಿಯ ಮೇಷ್ಟ್ರೇ, ಚೆನ್ನಾಗಿ ಓದುತ್ತಿದ್ದ ಹುಡುಗ ಇದ್ದಕ್ಕಿದ್ದ ಹಾಗೆ ಮೂಲೆ ಸೇರಿದರೆ, ತನ್ನಷ್ಟಕ್ಕೆ ಮಾತಾಡಿಕೊಂಡರೆ ಬೆತ್ತ ಎತ್ತಬೇಡಿ, ಅವನ ಮನೆಗೆ ಹೋಗಿ. ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು. ವಿದ್ಯಾರ್ಥಿ ಗೆಳೆಯರೇ, 14416 ನಂಬರಿಗೆ ಫೋನು ಮಾಡಿದರೆ 'ಟೆಲಿ ಮಾನಸ್' ಅನ್ನುವ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಅದನ್ನು ಊರ ಚಾವಡಿ ಗೋಡೆ ಮೇಲೆ ಬರೆಯಿರಿ, ಕೇರಿಯ ಗೋಡೆ ಮೇಲೆ ಮೊದಲು ಬರೆಯಿರಿ. ಸಂಘದ ಕಾರ್ಯಕರ್ತರೇ, ನಿಮ್ಮ ತಾಲೂಕಿನಲ್ಲಿ ಎಷ್ಟು ಜನ ಕಟ್ಟಿಹಾಕಿಸಿಕೊಂಡಿದ್ದಾರೆ ಅಂತ ಪಟ್ಟಿ ಮಾಡಿ. ಮನೆಯವರನ್ನು ಹೆದರಿಸಬೇಡಿ, ಅವರೂ ಅದೇ ಗೂಟಕ್ಕೆ ಕಟ್ಟಿಸಿಕೊಂಡವರು. ಅವರ ಜೊತೆ ಕೂತು ಗಂಜಿ ಕುಡಿದು ಮಾತಾಡಿ. ಆಮೇಲೆ ಅವರನ್ನೂ ಕರೆದುಕೊಂಡು ಪಟ್ಟಿ ಹಿಡಿದು ತಾಲೂಕು ಆಸ್ಪತ್ರೆಯ ಮುಂದೆ ಕೂರೋಣ.

ಮುಂದಿನ ಸಭೆಯಲ್ಲಿ ಭಾಷಣ ಕಡಿಮೆ ಮಾಡಿ ಒಂದು ಪ್ರಶ್ನೆ ಕೇಳೋಣ: ನಿಮ್ಮೂರಿನ ಸರಪಳಿಯ ಬೀಗದ ಕೈ ಯಾರ ಹತ್ತಿರ ಇದೆ?